ಲಾಟಿಗೆ ಸೇರದ ಹಲ್ಲು

ಚೌಕಾಸಿ ಮಾಡುವವನಿಗೆ ಒಂದು ದೊಡ್ಡ ಕಾಯಿಲೆ ಇರುತ್ತದೆ. ಎದುರಿಗಿರುವವನು ಹೇಳುವುದೆಲ್ಲ ಸುಳ್ಳು ಎಂದುಕೊಂಡೇ ಅವನು ಮಾತಿಗೆ ಕೂರುತ್ತಾನೆ. ಎದುರಿಗಿರುವವನು ಅಪ್ಪಿತಪ್ಪಿ ನಿಜ ಹೇಳಿಬಿಟ್ಟರೆ ಇವನ ಕಥೆ ಮುಗಿಯಿತು. ಮೂವತ್ತು ವರ್ಷ ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಓಡಾಡಿದ ನನಗೆ ಈ ಸತ್ಯ ಹೊಳೆದದ್ದು ಮಾರುಕಟ್ಟೆಯಲ್ಲಲ್ಲ. ನಮ್ಮ ಮನೆಯ ಬಚ್ಚಲಿನ ಕನ್ನಡಿಯ ಮುಂದೆ, ಹಲ್ಲು ಕಿರಿದುಕೊಂಡು ನಿಂತಿದ್ದಾಗ. ಹೊಳೆದದ್ದು ಸತ್ಯವೊಂದೇ ಅಲ್ಲ, ಹಲ್ಲೂ ಹೊಳೆಯುತ್ತಿತ್ತು. ಅದೇ ಈಗ ನಾನು ಹೇಳಹೊರಟಿರುವ ಸಂಕಟ.

ನನ್ನ ಪರಿಚಯ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಾನು ಎಷ್ಟು ಎತ್ತರದಿಂದ ಬಿದ್ದೆ ಎಂಬುದು ನಿಮಗೆ ಗೊತ್ತಾಗುವುದಿಲ್ಲ. ಹೆಸರು ಪುಟ್ಟಸ್ವಾಮಿ. ಹುಟ್ಟಿದ್ದು ಮಾಗಡಿ ತಾಲ್ಲೂಕಿನ ಕಲ್ಯದಲ್ಲಿ. ಹದಿನೇಳರ ವಯಸ್ಸಿಗೆ ರಾಮನಗರಕ್ಕೆ ಬಂದು, ಬೇರೆಯವರ ರೀಲಿಂಗ್ ಮನೆಯಲ್ಲಿ ಬಿಸಿನೀರಿಗೆ ಕೈ ಅದ್ದಿ ನೂಲು ತೆಗೆಯುವುದನ್ನು ಕಲಿತು, ಈಗ ನನ್ನದೇ ಒಂದು ಸಣ್ಣ ರೀಲಿಂಗ್ ಘಟಕ ಇಟ್ಟುಕೊಂಡಿದ್ದೇನೆ. ಗೂಡು ಕೊಳ್ಳುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ ಎಂದು ಬೇರೆಯವರು ಹೇಳುವ ಮೊದಲೇ ನಾನು ಹೇಳುತ್ತೇನೆ. ಒಂದು ಹಿಡಿ ಗೂಡು ಎತ್ತಿ ಕಿವಿಯ ಹತ್ತಿರ ಕುಲುಕಿದರೆ ಒಳಗಿನ ಹುಳು ಜೀವಂತವಾಗಿದೆಯೋ ಕೊಳೆತಿದೆಯೋ ಹೇಳಬಲ್ಲೆ. ಈಗ ಹರಾಜೆಲ್ಲ ಮೊಬೈಲಿನಲ್ಲಿ ನಡೆಯುತ್ತದೆ, ಆದರೂ ನಾನು ಕುಲುಕದೆ ಗುಂಡಿ ಒತ್ತುವುದಿಲ್ಲ. ಸೀರೆ, ಸ್ಕೂಟರು, ಸೈಟು, ಸಂಬಂಧ ಏನೇ ಇರಲಿ, ನಮ್ಮ ಕಡೆಯವರು ಮೊದಲು ನನಗೆ ಫೋನು ಮಾಡುತ್ತಾರೆ. ಮಾಡದಿದ್ದವರಿಗೆ ನಾನೇ ಮಾಡುತ್ತೇನೆ.

ಇಂಥ ನನಗೆ ಎದುರಿನ ಮೇಲಿನ ಹಲ್ಲೊಂದು ಹೋಯಿತು. ಹೋದದ್ದು ಕೂಡ ಬುದ್ಧಿವಂತಿಕೆಯಿಂದಲೇ. ಗೂಡಿನ ಚೀಲದ ಗಂಟನ್ನು ಬಿಚ್ಚಲು ಎಲ್ಲರೂ ಕತ್ತರಿ ಹುಡುಕುತ್ತಾರೆ. ನಾನು ಹಲ್ಲು ಹಾಕುತ್ತೇನೆ. ಕತ್ತರಿಸಿದರೆ ದಾರ ದಂಡ, ಬಿಚ್ಚಿದರೆ ಇನ್ನೊಂದು ಸಲಕ್ಕೆ ಬರುತ್ತದೆ ಎಂಬುದು ನನ್ನ ಸಿದ್ಧಾಂತ. ಮೊದಲು ಸೆಣಬಿನ ದಾರವಿತ್ತು, ಹಲ್ಲಿಗೂ ಅದಕ್ಕೂ ಹೊಂದಾಣಿಕೆಯಿತ್ತು. ಪ್ಲಾಸ್ಟಿಕ್ ದಾರ ಬಂದಿದೆ ಎನ್ನುವುದನ್ನು ಸಿದ್ಧಾಂತಕ್ಕೆ ಯಾರೂ ತಿಳಿಸಿರಲಿಲ್ಲ. ಒಂದು ದಿನ ಬೆಳಿಗ್ಗೆ ಗಂಟು ಹಾಗೇ ಉಳಿಯಿತು, ಹಲ್ಲು ಲಟಕ್ಕೆಂದು ಬೇರಿನ ತನಕ ಸೀಳಿತು. ಆ ದಾರ ಈಗಲೂ ನನ್ನ ಮೇಜಿನ ಡ್ರಾಯರಿನಲ್ಲಿದೆ. ಇನ್ನೊಂದು ಸಲಕ್ಕೆ ಬರುತ್ತದೆ.

ರಸ್ತೆಯ ಮೇಲಿನ ಕ್ಲಿನಿಕ್ಕಿನ ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಮೆತ್ತಗೆ ಮಾತಾಡುತ್ತಾರೆ. ಮೆತ್ತಗೆ ಮಾತಾಡುವವರ ಮೇಲೆ ನನಗೆ ಮೊದಲಿನಿಂದಲೂ ಅನುಮಾನ. ಬೇರು ಕಿತ್ತು, ದವಡೆಯ ಮೂಳೆಗೆ ಒಂದು ಸ್ಕ್ರೂ ಕೂರಿಸಿ, ಅದು ಮೂಳೆಯ ಜೊತೆ ಬೆಸೆದುಕೊಳ್ಳಲು ಕೆಲವು ತಿಂಗಳು ಬಿಟ್ಟು, ಆಮೇಲೆ ಅದರ ಮೇಲೆ ಹಲ್ಲಿನ ಟೋಪಿ ಹಾಕುತ್ತೇವೆ ಎಂದು ಚಿತ್ರ ಬರೆದು ತೋರಿಸಿದರು. ಅಲ್ಲಿಯವರೆಗೆ ಇರಲಿ ಎಂದು ಒಂದು ತಾತ್ಕಾಲಿಕ ಹಲ್ಲು ಕೊಟ್ಟರು. ಅದು ಒಸಿ ಹಳದಿ, ಒಸಿ ಮಂಕು. ಪುಕ್ಕಟೆ ಕೊಟ್ಟದ್ದು ಇನ್ನು ಹೇಗಿರುತ್ತದೆ ಎಂದುಕೊಂಡೆ. ಆ ಹಲ್ಲು ಹಾಕಿಕೊಂಡು ನಾಲ್ಕು ತಿಂಗಳು ಇಡೀ ಊರು ತಿರುಗಿದೆ, ಯಾರೊಬ್ಬರೂ ನನ್ನ ಬಾಯಿಯ ಬಗ್ಗೆ ಒಂದು ಮಾತು ಎತ್ತಲಿಲ್ಲ. ಯಾರೂ ಏನೂ ಅನ್ನದಿರುವುದೇ ಹಲ್ಲಿಗೆ ಸಿಗುವ ದೊಡ್ಡ ಮರ್ಯಾದೆ ಎಂದು ಆಗ ನನಗೆ ಹೊಳೆಯಲಿಲ್ಲ.

ಕೊನೆಗೆ ಬಣ್ಣ ಆರಿಸುವ ದಿನ ಬಂತು. ಡಾಕ್ಟರಮ್ಮ ಒಂದು ಪಟ್ಟಿ ತಂದರು. ಅದರಲ್ಲಿ ಮಾದರಿ ಹಲ್ಲುಗಳನ್ನು ಸಾಲಾಗಿ ಸಿಕ್ಕಿಸಿದ್ದರು, ಒಂದು ತುದಿಯಲ್ಲಿ ಚಹಾ ಕುಡಿದಂಥವು, ಇನ್ನೊಂದು ತುದಿಯಲ್ಲಿ ಮಲ್ಲಿಗೆ ಮೊಗ್ಗಿನಂಥವು. ನನ್ನನ್ನು ಕಿಟಕಿಯ ಬೆಳಕಿಗೆ ಕರೆದುಕೊಂಡು ಹೋಗಿ, ಒಂದೊಂದನ್ನೇ ನನ್ನ ತುಟಿಯ ಹತ್ತಿರ ಹಿಡಿದು ನೋಡಿ, ಚಹಾದ ಕಡೆಯಿಂದ ಮೂರನೆಯದನ್ನು ಎತ್ತಿದರು. “ಸರ್, ನಿಮಗೆ ಇದು ಸರಿಯಾಗಿ ಹೊಂದುತ್ತೆ.”

ನಾನು ಪಟ್ಟಿಯನ್ನು ಕೈಗೆ ತೆಗೆದುಕೊಂಡೆ. ಮಾರುಕಟ್ಟೆಯ ಮನುಷ್ಯ ಎಚ್ಚರವಾದ. “ಮೇಡಂ, ಈ ಬಣ್ಣಕ್ಕೊಂದು ರೇಟು, ಆ ಬಣ್ಣಕ್ಕೊಂದು ರೇಟಾ?”

“ಇಲ್ಲ ಸರ್, ಎಲ್ಲಾದಕ್ಕೂ ಒಂದೇ.”

“ಈ ತುದೀದಕ್ಕೂ ಅಷ್ಟೇ, ಆ ತುದೀದಕ್ಕೂ ಅಷ್ಟೇ?”

“ಹೌದು ಸರ್. ಬಣ್ಣ ಅಂದ್ರೆ ಕ್ವಾಲಿಟಿ ಅಲ್ಲ. ಪಕ್ಕದ ಹಲ್ಲಿಗೆ ಹೊಂದಬೇಕು, ಅಷ್ಟೇ.”

ಇಲ್ಲಿ ನಮ್ಮ ಕಸುಬಿನ ಒಂದು ವಿಷಯ ಹೇಳಬೇಕು. ರೇಷ್ಮೆಗೂಡಿನಲ್ಲಿ ಎರಡು ಜಾತಿ. ಹಳದಿಯಾಗಿರುವುದು ಮಿಶ್ರತಳಿ, ಮಾರುಕಟ್ಟೆಯ ಬಾಯಲ್ಲಿ ಸಿ.ಬಿ. ಬೆಳ್ಳಗಿರುವುದು ಬೈವೋಲ್ಟೈನ್. ಬೆಳ್ಳಗಿರುವುದರ ನೂಲು ಉದ್ದ, ಬೆಲೆಯೂ ಮೇಲೆ. ಬಿಳಿಯ ಗೂಡನ್ನು ಹಳದಿಯ ಬೆಲೆಗೆ ಯಾರಾದರೂ ಕೊಡುತ್ತೇನೆಂದರೆ ರಾಮನಗರದಲ್ಲಿ ರಸ್ತೆ ಬಂದ್ ಆಗುತ್ತದೆ. ಈಯಮ್ಮ ಕೊಡುತ್ತೇನೆ ಎನ್ನುತ್ತಿದ್ದಾರೆ, ಅದೂ ನಗುನಗುತ್ತಾ, ಜೊತೆಗೆ ಹಳದಿಯನ್ನೇ ತೆಗೆದುಕೊಳ್ಳಿ ಎಂದು ಒತ್ತಾಯ ಬೇರೆ! ಉಳಿದುಹೋದ ಮಾಲನ್ನು ನನಗೆ ದಾಟಿಸುತ್ತಿದ್ದಾರೆ ಎಂದು ತೀರ್ಮಾನಿಸಲು ನನಗೆ ಒಂದು ಗಳಿಗೆಯೂ ಹಿಡಿಯಲಿಲ್ಲ. “ಹಂಗಾದ್ರೆ ಆ ಕೊನೇದೇ ಹಾಕಿ ಮೇಡಂ,” ಎಂದೆ. “ಮನೆಯವರನ್ನ ಒಂದ್ಸಲ ಕರ್ಕೊಂಡು ಬಂದು ತೋರಿಸಿ ಸರ್,” ಎಂದರು. ಗೂಡು ಕೊಳ್ಳುವಾಗ ನಾನು ಯಾವತ್ತಾದರೂ ಹೆಂಡತಿಯನ್ನು ಕರೆದುಕೊಂಡು ಹೋಗಿದ್ದೇನೆಯೇ? ಬೇಡವೆಂದೆ. ಇನ್ನೂ ಎರಡು ಸಲ ಹೇಳಿದರು. ಅವರು ಹೇಳಿದಷ್ಟೂ ನಾನು ಗೆಲ್ಲುತ್ತಿದ್ದೇನೆ ಎನಿಸಿತು. ಕೊನೆಗೆ ಒಂದು ಕಾಗದದಲ್ಲಿ ಬಣ್ಣದ ನಂಬರು ಬರೆದು ನನ್ನ ಸಹಿ ಹಾಕಿಸಿಕೊಂಡರು. ಮಾಲು ವಾಪಸು ಬಂದೀತೆಂದು ಗೊತ್ತಿದ್ದಾಗಲೇ ಮಾರುವವರು ಸಹಿ ಹಾಕಿಸಿಕೊಳ್ಳುತ್ತಾರೆ ಎಂದು ಎಲ್ಲರಿಗೂ ಪಾಠ ಹೇಳುವ ನಾನು ಖುಷಿಯಿಂದ ಹಾಕಿದೆ.

ಹಲ್ಲು ಕೂರಿಸಿದ ದಿನ ಕ್ಲಿನಿಕ್ಕಿನ ಕನ್ನಡಿಯಲ್ಲಿ ನಾನೇ ಮದುಮಗನಂತೆ ಕಂಡೆ. ಹೊರಗೆ ಬಂದು ಸ್ಕೂಟರ್ ಹತ್ತುವಾಗ ಖಲೀಲ್ ಭಾಯಿ ಸಿಕ್ಕಿದ. ನನ್ನ ಹಾಗೇ ರೀಲರ್, ನನ್ನ ಹಾಗೇ ಮೂವತ್ತು ವರ್ಷದ ಅನುಭವ, ಒಂದೇ ಲಾಟಿಗೆ, ಅಂದರೆ ಹರಾಜಿಗಿಟ್ಟ ಒಂದೇ ಗೂಡಿನ ರಾಶಿಗೆ, ನಾನೂ ಅವನೂ ಎಷ್ಟೋ ಸಲ ಕಿತ್ತಾಡಿದ್ದೇವೆ. ಅವನನ್ನು ನೋಡಿ ಬೇಕೆಂದೇ ಅಗಲವಾಗಿ ನಕ್ಕೆ. ಅವನು ಹತ್ತಿರ ಬಂದ. ತಲೆ ಒಂದು ಕಡೆಗೆ ವಾಲಿಸಿ, ಮಾರುಕಟ್ಟೆಯಲ್ಲಿ ಗೂಡಿನ ರಾಶಿ ನೋಡುವಂತೆಯೇ ನನ್ನ ಬಾಯಿ ನೋಡಿದ.

“ಅರೆ ಪುಟ್ಸಾಮಣ್ಣ,” ಎಂದ, “ಲಾಟು ಮಿಕ್ಸ್ ಆಗೋಗೈತಲ್ಲಣ್ಣ! ಸಿ.ಬಿ. ಒಳಗೆ ಒಂದು ಬೈವೋಲ್ಟೈನ್ ಬಂದುಬುಟ್ಟೈತೆ. ರೈತ ಹಿಂಗೆ ತಂದಿದ್ರೆ ನೀನು ಮುಟ್ತಿದ್ಯಾ?”

ಮುಟ್ಟುತ್ತಿರಲಿಲ್ಲ. ಅದೇ ತೊಂದರೆ. ಹಳದಿ ರಾಶಿಯಲ್ಲಿ ಒಂದೇ ಒಂದು ಬಿಳಿ ಗೂಡು ಕಂಡರೆ ನಾನು ಆ ಬಿಳಿಯದನ್ನು ಹೊಗಳುವುದಿಲ್ಲ, ಇಡೀ ರಾಶಿಯನ್ನು ಅನುಮಾನಿಸುತ್ತೇನೆ. ಮನೆಗೆ ಹೋಗಿ ಬಚ್ಚಲಿನ ಕನ್ನಡಿಯಲ್ಲಿ ನೋಡಿದೆ. ಐವತ್ತೈದು ವರ್ಷ ಚಹಾ, ಎಲೆಅಡಿಕೆ, ಹುರುಳಿಸಾರು ಕಂಡ ನನ್ನ ಹಲ್ಲುಗಳು, ತಮ್ಮ ಪಾಡಿಗೆ ತಾವು ಮರ್ಯಾದೆಯಿಂದ ಇದ್ದವು, ಒಮ್ಮೆಲೇ ಕೊಳಕಾಗಿ ಕಂಡವು. ಆ ಒಂದು ಹಲ್ಲು ಬಂದಿದ್ದರಿಂದ ಉಳಿದವುಗಳ ಬೆಲೆ ಬಿದ್ದಿತ್ತು. ನನ್ನ ಹೆಂಡತಿ ನಾಗರತ್ನ ಬಾಗಿಲಲ್ಲಿ ನಿಂತು ನೋಡಿದಳು. ನಕ್ಕಳೆಂದು ಹೇಳಲಾರೆ, ನಗದಿರಲು ಪ್ರಯತ್ನ ಪಟ್ಟಳು. “ಹಳೇ ಗೋಡೆಗೆ ಒಂದೇ ಒಂದು ಹೊಸ ಟೈಲ್ಸ್ ಕೂರಿಸ್ದಂಗೈತೆ ಕಣ್ರೀ,” ಎಂದಳು. “ಡಾಕ್ಟ್ರಮ್ಮ ಇದ್ನೇ ಹಾಕಿಸ್ಕೊಳ್ಳಿ ಅಂದ್ರಾ?”

“ಹೂಂ,” ಎಂದೆ. ನನ್ನ ಬಾಳಿನ ಅತ್ಯಂತ ಸಣ್ಣ ಸುಳ್ಳು ಅದು, ಒಂದೇ ಅಕ್ಷರ. ಮುಂದೆ ಆದದ್ದಕ್ಕೆಲ್ಲ ಅದೇ ಕಾರಣ. ಅವತ್ತೇ ನಿಜ ಹೇಳಿದ್ದರೆ ಆಕೆ ಮಾರನೆಯ ದಿನವೇ ನನ್ನನ್ನು ಎಳೆದುಕೊಂಡು ಹೋಗಿ ಬದಲು ಮಾಡಿಸುತ್ತಿದ್ದಳು.

ನಾನು ನನ್ನದೇ ದಾರಿ ಹಿಡಿದೆ. ಬಿಳಿಯದು ಕಪ್ಪಾಗದೆ ಇರುತ್ತದೆಯೇ, ನನ್ನ ಹಲ್ಲುಗಳೇ ಒಂದು ಕಾಲಕ್ಕೆ ಬೆಳ್ಳಗಿರಲಿಲ್ಲವೇ ಎಂದು ಯೋಚಿಸಿ, ದಿನಕ್ಕೆ ಎರಡು ಸಲ ಹಾಕುತ್ತಿದ್ದ ಎಲೆಅಡಿಕೆಯನ್ನು ಆರು ಸಲಕ್ಕೆ ಏರಿಸಿದೆ. ರಸವನ್ನು ಆ ಹಲ್ಲಿನ ಮೇಲೆ ನಿಲ್ಲಿಸಿಕೊಂಡು ಕೂತೆ. ಕಡು ಚಹಾ ಕುಡಿದು ಬಾಯಿಯಲ್ಲೇ ಹತ್ತು ನಿಮಿಷ ಇಟ್ಟುಕೊಂಡೆ. ಆ ಹೊತ್ತಿನಲ್ಲಿ ಫೋನು ಮಾಡಿದವರಿಗೆಲ್ಲ ನಾನು ಮುನಿಸಿಕೊಂಡಿದ್ದೇನೆ ಎನಿಸಿರಬೇಕು. ಹದಿನೈದು ದಿನ ಕಳೆದ ಮೇಲೆ ಫಲಿತಾಂಶ ನೋಡಿದರೆ, ಹಳೆಯ ಹಲ್ಲುಗಳೆಲ್ಲ ಇಟ್ಟಿಗೆಯ ಬಣ್ಣಕ್ಕೆ ತಿರುಗಿದ್ದವು. ಹೊಸದು ಮೊದಲ ದಿನದಂತೆಯೇ ಇತ್ತು, ಈಗ ಅದಕ್ಕೆ ಹಿನ್ನೆಲೆ ಇನ್ನೂ ಚೆನ್ನಾಗಿ ಒದಗಿತ್ತು. ಆ ಹಲ್ಲು ಪಿಂಗಾಣಿಯದು, ಪಿಂಗಾಣಿಗೆ ಕಲೆ ಹಿಡಿಯುವುದಿಲ್ಲವಂತೆ. ಡಾಕ್ಟರಮ್ಮ ಇದನ್ನು ಮೊದಲೇ ಹೇಳಿದ್ದರು. ಮಾರುವವರು ತಮ್ಮ ಮಾಲಿನ ಬಗ್ಗೆ ಹೇಳುವ ಬಡಾಯಿ ಎಂದು ನಾನು ಕಿವಿಗೆ ಹಾಕಿಕೊಂಡಿರಲಿಲ್ಲ.

ಒಮ್ಮೆ ಕ್ಲಿನಿಕ್ಕಿಗೂ ಹೋದೆ. ಡಾಕ್ಟರಮ್ಮ ಒಂದು ಕೊಂಕು ಮಾತೂ ಆಡಲಿಲ್ಲ. “ಸ್ಕ್ರೂ ಹಾಗೇ ಇರುತ್ತೆ ಸರ್, ಮೇಲಿನ ಟೋಪಿ ಮಾತ್ರ ಬೇರೆ ಮಾಡಿಸ್ಬಹುದು. ನಾನು ಮೊದ್ಲು ತೋರಿಸಿದ್ನಲ್ಲ, ಆ ಬಣ್ಣ ಹಾಕೋಣ,” ಎಂದರು. ಅಲ್ಲಿ ಹೂಂ ಎನ್ನಬೇಕಿತ್ತು, ಎನ್ನಲಿಲ್ಲ. ‘ನೀವು ಹೇಳಿದ್ದೇ ಸರಿ’ ಎಂಬ ಮಾತನ್ನು ಮೂವತ್ತು ವರ್ಷದಲ್ಲಿ ನಾನು ಯಾವ ಮಾರುವವರಿಗೂ ಹೇಳಿರಲಿಲ್ಲ. “ನೋಡ್ತೀನಿ ಮೇಡಂ,” ಎಂದು ಎದ್ದು ಬಂದೆ. ಹಾಗೆ ಎದ್ದು ಬಂದರೆ ಹಿಂದಿನಿಂದ ಕರೆಯುತ್ತಾರೆ ಎಂಬುದು ವ್ಯಾಪಾರದ ಲೆಕ್ಕಾಚಾರ. ಬಾಗಿಲವರೆಗೂ ನಿಧಾನವಾಗಿ ನಡೆದೆ. ಅವರು ಮುಂದಿನ ರೋಗಿಯನ್ನು ಕರೆದರು.

ಇನ್ನು ಉಳಿದದ್ದು ಒಂದೇ ದಾರಿ: ಬಾಯಿ ಮುಚ್ಚಿಕೊಂಡಿರುವುದು. ಇದು ಬೇರೆಯವರಿಗೆ ಸುಲಭ. ನನ್ನ ವ್ಯವಹಾರವೆಲ್ಲ ನಡೆದಿರುವುದೇ ನಗುವಿನ ಮೇಲೆ. ಯಾವ ಮಾತುಕತೆಗೆ ಹೋದರೂ ನಾನು ಮೊದಲು ನಗುತ್ತೇನೆ, ಎದುರಿನವರು ಸಡಿಲವಾಗುತ್ತಾರೆ, ಆಮೇಲೆ ಮಾತು. ಈಗ ನಗು ಬಂದಾಗ ಮೇಲಿನ ತುಟಿಯನ್ನು ಕೆಳಗೆ ಎಳೆದು ಹಿಡಿಯುವುದನ್ನು ಅಭ್ಯಾಸ ಮಾಡಿದೆ. “ಯಾಕ್ರೀ, ಮೂಲವ್ಯಾಧಿ ಏನಾದ್ರೂ…” ಎಂದು ನಾಗರತ್ನ ಗಾಬರಿಯಿಂದ ಕೇಳಿದಳು. ತುಟಿ ಬಿಟ್ಟು, ಹೆಗಲ ಮೇಲಿನ ಟವಲಿನ ತುದಿಯನ್ನು ಬಾಯಿಗೆ ಅಡ್ಡ ಹಿಡಿಯುವುದನ್ನು ಕಲಿತೆ. ಅದು ಸಲೀಸಾಗಿತ್ತು. ಆ ಟವಲಿನ ಜೊತೆಗೇ ನಾನು ಕುದೂರಿಗೆ ಹೋದೆ.

ಮಾಗಡಿಯಲ್ಲಿ ನನ್ನ ಅಕ್ಕ ಸಾವಿತ್ರಿ ಇದ್ದಾಳೆ. ಭಾವ ಒಳ್ಳೆಯವರು, ಆದರೆ ನಾಲ್ಕು ಜನರ ನಡುವೆ ಮಾತಾಡು ಎಂದರೆ ನೀರು ಕುಡಿಯಲು ಎದ್ದು ಹೋಗುತ್ತಾರೆ. ಅವರ ಮಗಳು ಚೈತ್ರ ಹಾರೋಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದಾಳೆ. ತಯಾರಾದ ಮಾಲಿನಲ್ಲಿ ಬಣ್ಣ ಹೆಚ್ಚುಕಡಿಮೆಯಾದದ್ದನ್ನು ಆರಿಸಿ ಪಕ್ಕಕ್ಕೆ ಹಾಕುವ ಕೆಲಸ. ಅದೇ ಫ್ಯಾಕ್ಟರಿಯ ಕುದೂರಿನ ಹುಡುಗನನ್ನು ಅವಳೇ ಆರಿಸಿಕೊಂಡಿದ್ದಳು. ಎರಡು ಮನೆಗೂ ವಿಷಯ ಗೊತ್ತಾಗಿ, ಹಿರಿಯರು ಕೂತು ಮಾತಾಡುವುದೊಂದು ಬಾಕಿಯಿತ್ತು. ಮಾತಾಡಲು ಸೋದರಮಾವ ನಾನಲ್ಲದೆ ಇನ್ಯಾರು? ಚೈತ್ರ ಎರಡು ದಿನ ಮುಂಚೆ ಫೋನು ಮಾಡಿದ್ದಳು. “ಮಾವ, ಅವರಪ್ಪ ಒಸಿ ಬಿಗಿ ಮನುಷ್ಯ. ನೀವು ಹೋಗಿ ಒಂದ್ಸಲ ನಕ್ಕುಬಿಟ್ರೆ ಸಾಕು, ಎಲ್ಲಾ ಆಗೋಗುತ್ತೆ.”

ಕುದೂರಿನ ಮನೆಯಲ್ಲಿ ನನ್ನನ್ನೂ ಭಾವನನ್ನೂ ಚೆನ್ನಾಗಿಯೇ ಕಂಡರು. ಬೇಸಾಯದ ಮನೆ. ನಡುಮನೆಯ ಗೋಡೆಯ ಆಚೆಗೇ ದನದ ಕೊಟ್ಟಿಗೆ. ಪೇಟೆಯಿಂದ ಬರುವವರಿಗೆ ವಾಸನೆ ಬಡಿಯದಿರಲಿ ಎಂದು ಬೆಳಿಗ್ಗೆಯೇ ಕೊಟ್ಟಿಗೆ ತೊಳೆದು, ಬಾಗಿಲಲ್ಲಿ ಊದುಬತ್ತಿ ಹಚ್ಚಿಟ್ಟಿದ್ದರು. ನಾನು ಇದನ್ನೆಲ್ಲ ಗಮನಿಸಲಿಲ್ಲ. ಹುಡುಗನ ಅಪ್ಪ “ಬನ್ನಿ ಬನ್ನಿ” ಎಂದು ಎದುರುಬಂದಾಗ ನನಗೆ ಅಭ್ಯಾಸಬಲದಿಂದ ನಗು ಬಂತು, ಅಭ್ಯಾಸಬಲದಿಂದಲೇ ಟವಲೂ ಮೇಲೆ ಬಂತು. ಬಾಯಿ ಮುಚ್ಚುವ ಟವಲು ಮೂಗನ್ನೂ ಮುಚ್ಚುತ್ತದೆ ಎಂದು ನನಗೆ ಹೊಳೆಯಲಿಲ್ಲ. ಹೋದ ಹೊತ್ತಿನಿಂದ ಎದ್ದು ಬರುವವರೆಗೂ ಅವರ ಮನೆಯಲ್ಲಿ ಮೂಗು ಮುಚ್ಚಿಕೊಂಡು ಕೂತಿದ್ದೆ. ಮನೆಯಲ್ಲೇ ಮಾಡಿದ ಕೋಡುಬಳೆ, ನಿಪ್ಪಟ್ಟು ತಂದಿಟ್ಟರು. ಹಲ್ಲಿಗೆ ಗಟ್ಟಿ ಪದಾರ್ಥ ಸೋಕಿಸಬಾರದೆಂದು ತಟ್ಟೆಯನ್ನು ದೂರ ಸರಿಸಿದೆ. ಹುಡುಗನ ಅಜ್ಜಿ “ಒಂದಾದ್ರೂ ತಗಳಪ್ಪ, ನಾನೇ ಮಾಡಿವ್ನಿ” ಎಂದರೂ ಟವಲಿನ ಹಿಂದಿನಿಂದಲೇ ತಲೆಯಾಡಿಸಿದೆ. ಅವರು ತಮಾಷೆ ಮಾಡಿದರೆ ನಾನು ಗೋಡೆ ನೋಡಿದೆ. ಭಾವ ಎರಡು ಸಲ ನೀರು ಕುಡಿಯಲು ಎದ್ದು ಹೋದರು. ಮಾತುಕತೆಯೇನೋ ನಡೆಯಿತು, ಆದರೆ ಜಿಲ್ಲಾಧಿಕಾರಿಗಳ ಸಭೆಯಂತಿತ್ತು.

ನಾಲ್ಕನೆಯ ದಿನ ಅಕ್ಕನ ಫೋನು. “ಪುಟ್ಸಾಮಿ, ಏನ್ಲಾ ಮಾಡ್ಬುಟ್ಟೆ ಅಲ್ಲಿ? ಅವರು ಹೇಳಿ ಕಳಿಸವ್ರೆ ಕಣ್ಲಾ. ನಮ್ಮನೆ ವಾಸ್ನೆ ಹಿಡಿಸ್ದೇ ಇರೋರ ಜೊತೇಲಿ ನಮ್ಗ್ಯಾಕೆ ಸಂಬಂಧ, ದೊಡ್ಡೋರು ದೊಡ್ಡೋರ ಮನೆ ನೋಡ್ಕಳ್ಳಿ ಅಂದವ್ರಂತೆ. ಅಜ್ಜಿ ಕೈಯಿಂದ ಒಂದು ನಿಪ್ಪಟ್ಟು ಇಸ್ಕಳ್ಳೋಕೆ ನಿಂಗೆ ಏನಾಗಿತ್ತು? ಕಲ್ಯದಲ್ಲಿ ನಾವೇನು ಕೊಟ್ಟಿಗೆ ಇಲ್ದಿರೋ ಮನೇಲಿ ಹುಟ್ಟಿದ್ವಾ?”

ಈ ಕೊನೆಯ ಮಾತು ಎಲ್ಲಿ ತಾಗಬೇಕೋ ಅಲ್ಲೇ ತಾಗಿತು. ಕಲ್ಯದ ನಮ್ಮ ಮನೆಯಲ್ಲಿ ದನಗಳೂ ನಾವೂ ಒಂದೇ ಸೂರಿನ ಕೆಳಗೆ ಮಲಗುತ್ತಿದ್ದೆವು, ನಡುವೆ ಒಂದು ಮೋಟುಗೋಡೆ. ಆ ವಾಸನೆ ನನಗೆ ಅಮ್ಮನ ಸೆರಗಿನ ವಾಸನೆಯಷ್ಟೇ ಪರಿಚಯ. ಆ ಜನ ನನ್ನನ್ನು ಏನೆಂದುಕೊಂಡರೋ ಅದು ನಾನಲ್ಲ, ಎಂದೂ ಆಗಿರಲಿಲ್ಲ. ಹಾಗೆಂದು ಹೇಳಬೇಕಾದರೆ ಬಾಯಿ ತೆರೆಯಬೇಕು.

ಆ ಭಾನುವಾರ ಚೈತ್ರ ಮನೆಗೆ ಬಂದಳು. ಜಗಳ ಮಾಡುತ್ತಾಳೆಂದು ನಾನು ಉತ್ತರಗಳನ್ನು ಸಿದ್ಧಮಾಡಿಟ್ಟುಕೊಂಡಿದ್ದೆ. ಅವಳು ಜಗಳ ಮಾಡಲಿಲ್ಲ. ನನ್ನ ಎದುರು ನೆಲದ ಮೇಲೆ ಕೂತು, ಟವಲನ್ನು ತಾನೇ ಪಕ್ಕಕ್ಕೆ ಸರಿಸಿ, ಹಲ್ಲು ನೋಡಿದಳು. “ನಮ್ಮಲ್ಲಿ ಹಿಂಗಿದ್ರೆ ರಿಜೆಕ್ಟು ಮಾವ,” ಎಂದಳು. ಟವಲನ್ನು ಮಡಚಿ ನನ್ನ ಮಡಿಲಲ್ಲಿ ಇಟ್ಟು, “ಇಷ್ಟೇನಾ? ಇದಕ್ಕೇನಾ ನೀವು ನಗಲಿಲ್ಲ?” ಎಂದಳು. ಆಗ ಅವಳ ಕಣ್ಣು ತುಂಬಿತು. “ನನಗೆ ಗೊತ್ತಿದ್ದಿದ್ದು ಒಂದೇ ಮಾವ. ನಮ್ಮಪ್ಪ ಮಾತಾಡಲ್ಲ, ಆದ್ರೆ ನಮ್ಮ ಮಾವ ನಗ್ತಾರೆ. ಅದೊಂದನ್ನೇ ನೆಚ್ಕೊಂಡಿದ್ದೆ.”

ಅಷ್ಟು ವರ್ಷ ನಾನು ಕೊಟ್ಟ ಸಲಹೆಗಳಲ್ಲಿ ಒಂದನ್ನೂ ಆ ಹುಡುಗಿ ನೆಚ್ಚಿಕೊಂಡಿರಲಿಲ್ಲ. ನೆಚ್ಚಿಕೊಂಡದ್ದು ಪುಕ್ಕಟೆ ಕೊಡುತ್ತಿದ್ದ ನಗುವನ್ನು. ಅದನ್ನೇ ನಾನು ಬೆಳ್ಳಗಿನ ಒಂದು ಪಿಂಗಾಣಿ ಚೂರಿನ ಹಿಂದೆ ಬಚ್ಚಿಟ್ಟಿದ್ದೆ. 

ಆಗಲೂ ತಕ್ಷಣ ಕುದೂರಿಗೆ ಹೋದೆನೇ? ಇಲ್ಲ. ಅವರಿಗೆ ಹೇಗೆ ಹೇಳುವುದು ಎಂದು ಯೋಜನೆ ಹಾಕುತ್ತಾ ಕೂತೆ. ನೆಗಡಿ ಎನ್ನಬಹುದು. ದೂಳಿನ ಅಲರ್ಜಿ ಎನ್ನಬಹುದು. ಬೇಡ, ಅವರ ಮನೆಯಲ್ಲಿ ದೂಳಿದೆ ಎಂದಂತಾಗುತ್ತದೆ. ಹಲ್ಲುನೋವು ಎಂದರೆ ಅರ್ಧ ನಿಜ. ಇದನ್ನೆಲ್ಲ ನಾಗರತ್ನನ ಮುಂದೆ ಇಟ್ಟೆ. ಆಕೆ ಸೊಪ್ಪು ಸೋಸುತ್ತಿದ್ದಳು. ತಲೆಯೆತ್ತದೆ, “ಡಾಕ್ಟ್ರಮ್ಮ ಯಾವ ಬಣ್ಣ ಹೇಳಿದ್ರು ಅಂತ ಹೋದ ವಾರ ನಾನೇ ಹೋಗಿ ಕೇಳ್ಕೊಂಡು ಬಂದೆ,” ಎಂದಳು. ನಾನು ಟವಲಿಗಾಗಿ ತಡಕಾಡಿದೆ. ಮಾರನೆಯ ದಿನ ಆಕೆಯೂ ಅಕ್ಕನೂ ಬಸ್ಸು ಹತ್ತಿ ಕುದೂರಿಗೆ ಹೋದರು, ಸಂಜೆಯ ಹೊತ್ತಿಗೆ ಒಂದು ಚೀಲ ನಿಪ್ಪಟ್ಟಿನ ಜೊತೆ ವಾಪಸು ಬಂದರು. ನಿಶ್ಚಿತಾರ್ಥಕ್ಕೆ, ಅದೇ ನಮ್ಮ ಕಡೆಯ ಲಗ್ನಶಾಸ್ತ್ರಕ್ಕೆ, ದಿನವೂ ನಿಗದಿಯಾಗಿತ್ತು. “ಏನು ಹೇಳಿದೆ?” ಎಂದು ಕೇಳಿದೆ. “ಇದ್ದುದ್ನೇ ಹೇಳ್ದೆ,” ಎಂದಳು. “ನಮ್ಮನೆಯೋರು ಹಲ್ಲು ಕಟ್ಟಿಸ್ಕೊಂಡವ್ರೆ, ಬೆಳ್ಳಗಿರೋದೇ ಬೇಕು ಅಂತ ಹಟ ಮಾಡಿ ಹಾಕಿಸ್ಕೊಂಡವ್ರೆ, ಈಗ ನಗೋಕೆ ನಾಚ್ಕೆ ಅಂದೆ. ಅವರಪ್ಪ ಬಿಗಿ ಮನುಷ್ಯ ಅಂತಿದ್ರಲ್ಲ, ಬಿದ್ದುಬಿದ್ದು ನಕ್ರು.” ಮೂವತ್ತು ವರ್ಷದ ನನ್ನ ಮಾತುಗಾರಿಕೆ ಮಾಡಲಾಗದ ಕೆಲಸವನ್ನು ಇದ್ದದ್ದನ್ನು ಇದ್ದಂತೆ ಹೇಳಿ ಆಕೆ ಮುಗಿಸಿದ್ದಳು. ಈ ತಂತ್ರ ನನಗೆ ಯಾಕೆ ಎಂದೂ ಹೊಳೆದಿರಲಿಲ್ಲವೋ ಕಾಣೆ.

ಲಗ್ನಶಾಸ್ತ್ರದ ದಿನ ಕುದೂರಿನಿಂದ ಬಂದ ಅಷ್ಟೂ ಜನ ಹುಡುಗಿಯನ್ನು ನೋಡಿದ್ದಕ್ಕಿಂತ ಹೆಚ್ಚು ನನ್ನನ್ನು ನೋಡಿದರು. ನಾನು ಟವಲು ಮನೆಯಲ್ಲೇ ಬಿಟ್ಟಿದ್ದೆ. ಅಜ್ಜಿ ಕೋಲೂರಿಕೊಂಡು ನೇರ ನನ್ನ ಹತ್ತಿರ ಬಂದು, ಎದುರಿಗೆ ಕೂತು, “ಎಲ್ಲಿ, ಬಾಯಿ ಬುಡಪ್ಪ,” ಎಂದರು. ಬಿಟ್ಟೆ. ಸಂತೆಯಲ್ಲಿ ಎತ್ತಿನ ವಯಸ್ಸು ನೋಡುವವರು ಹೇಗೆ ತುಟಿ ಎತ್ತಿ ಹಲ್ಲು ಎಣಿಸುತ್ತಾರೋ ಹಾಗೆ ಹೆಬ್ಬೆರಳಿನಲ್ಲಿ ನನ್ನ ತುಟಿ ಎತ್ತಿದರು. ಹಲ್ಲೆಲ್ಲ ಬಂದು ಮುಗಿದು ವಯಸ್ಸಾದ ಎತ್ತನ್ನು ಸಂತೆಯವರು ‘ಬಾಯಿಗೂಡಿದೆ’ ಎನ್ನುತ್ತಾರೆ. ಆಮೇಲೆ ಹಿಂದಕ್ಕೆ ತಿರುಗಿ ಎಲ್ಲರಿಗೂ ಕೇಳಿಸುವಂತೆ ಹೇಳಿದರು: “ಬಾಯಿಗೂಡಿದ ಎತ್ತಿಗೆ ಹಾಲ್ಹಲ್ಲು ಹುಟ್ಟೈತೆ ಕಣ್ರಪ್ಪೋ!” ಇಡೀ ಚಪ್ಪರ ನಕ್ಕಿತು. ಚೈತ್ರಳೂ ನಕ್ಕಳು. ಅವಳು ನಕ್ಕದ್ದರಿಂದ ನಾನೂ ನಕ್ಕೆ. ಸರಿಯಾಗಿ ಆ ಹೊತ್ತಿಗೇ ಫೋಟೋದವನು ಫೋಟೋ ಹೊಡೆದ. ಈಗ ಆ ಫೋಟೋ ಅಕ್ಕನ ಮನೆಯಲ್ಲಿ ಕಟ್ಟು ಹಾಕಿಸಿಕೊಂಡು ಗೋಡೆಯಲ್ಲಿ ತೂಗುತ್ತಿದೆ. ಅದರಲ್ಲಿ ಮೊದಲು ಕಾಣುವುದು ನನ್ನ ಹಲ್ಲು, ಆಮೇಲೆ ಹೂವಿನ ಹಾರ, ತುಂಬಾ ಹೊತ್ತಿನ ನಂತರ ಮದುಮಕ್ಕಳು. ಅವಳ ಬಾಳಿನ ಒಂದು ದಿನದ ಫೋಟೋದಲ್ಲಿ ನಾನು ಹಾಗೆ ಅಡ್ಡ ನಿಂತುಬಿಟ್ಟಿದ್ದೇನೆ. ಮದುವೆಯ ಫೋಟೋದಲ್ಲಾದರೂ ಹಾಗಾಗಬಾರದು ಎಂದು ಹೋದ ವಾರ ಕ್ಲಿನಿಕ್ಕಿಗೆ ಹೋದೆ.

“ಮೇಡಂ, ನೀವು ಹೇಳಿದ್ದೇ ಸರಿ,” ಎಂದೆ. ಹೇಳಿಬಿಟ್ಟ ಮೇಲೆ ಅಷ್ಟೇನೂ ಕಷ್ಟದ ಮಾತಲ್ಲ ಎನಿಸಿತು. ರೇಟು ಕೇಳಲಿಲ್ಲ, ಪಟ್ಟಿ ನೋಡಲಿಲ್ಲ. ಅವರು ಒಳಗೆ ಅಳತೆಯ ಸಾಮಾನು ಜೋಡಿಸಿಕೊಳ್ಳುವವರೆಗೆ ಹೊರಗಿನ ಬೆಂಚಿನಲ್ಲಿ ಕಾಯಲು ಹೇಳಿದರು. ಅಲ್ಲಿ ಕಿಟಕಿಯ ಹತ್ತಿರ ಕನಕಪುರದ ಕಡೆಯ ಒಬ್ಬ ರೈತ ಕೂತಿದ್ದ, ನನ್ನದೇ ವಯಸ್ಸು, ನನ್ನ ಹಾಗೇ ಎದುರಿನ ಹಲ್ಲಿಲ್ಲ. ಕೈಯಲ್ಲಿ ಅದೇ ಮಾದರಿ ಹಲ್ಲುಗಳ ಪಟ್ಟಿ. ಡಾಕ್ಟರಮ್ಮ ಚಹಾದ ಕಡೆಯ ಒಂದನ್ನು ಎತ್ತಿ ತೋರಿಸಿ, ಯೋಚನೆ ಮಾಡಿ ಎಂದು ಹೋಗಿದ್ದರಂತೆ. “ಯಾವ್ದು ತಕಳಾನ ಅಣ್ಣ?” ಎಂದ.

ಕೇಳಿದವನಿಗೆ ಹೇಳದಿರುವುದು ನನ್ನ ಹುಟ್ಟುಗುಣವಲ್ಲ. ಅದೂ ಅಲ್ಲದೆ, ನನ್ನ ಬಾಳಿನಲ್ಲಿ ಮೊದಲ ಬಾರಿಗೆ ಒಂದು ಸಲಹೆಯನ್ನು ಅನುಭವಿಸಿ, ಅತ್ತು, ಪೂರ್ತಿ ಬೆಲೆ ಕೊಟ್ಟು ಸಂಪಾದಿಸಿದ್ದೆ. “ಕಣ್ಣು ಮುಚ್ಕೊಂಡು ಡಾಕ್ಟ್ರಮ್ಮ ಹೇಳಿದ್ದನ್ನೇ ತಗೊಳ್ಳಪ್ಪ,” ಎಂದೆ. “ಬೆಳ್ಳಗಿರೋದರ ತಂಟೆಗೆ ಹೋಗ್ಬೇಡ.”

ಅವನು ಪಟ್ಟಿ ನೋಡಿದ. ಆಮೇಲೆ ನನ್ನ ಬಾಯಿ ನೋಡಿದ. ತಲೆ ಒಂದು ಕಡೆಗೆ ವಾಲಿತು.

“ಎಲ್ಲಾದಕ್ಕೂ ಒಂದೇ ರೇಟಂತಲ್ಲಣ್ಣ?”

“ಹೌದು. ಆದ್ರೆ…”

“ನೀವ್ ಮಾತ್ರ ಫಸ್ಟ್‌ಕ್ಲಾಸ್ ಮಾಲು ಇಕ್ಕಂಡು, ನಮ್ಗೆ ಮಂಕಾಗಿರೋದ ತಕೋ ಅಂತೀರಲ್ಲ?” ಅವನು ನಕ್ಕ, ಸೋಲದವನ ನಗು, ನನಗೆ ಚೆನ್ನಾಗಿ ಗೊತ್ತಿದ್ದ ನಗು. “ರಾಮನಗರದೋರ ವ್ಯಾಪಾರ ನಂಗೂ ಗೊತ್ತೈತೆ ಬುಡಿ ಅಣ್ಣ. ಗೂಡು ತಕಂಡು ಎಷ್ಟು ಸಲ ಬಂದಿಲ್ಲ ನಾನು!”

ಅಷ್ಟರಲ್ಲಿ ಡಾಕ್ಟರಮ್ಮ ಹೊರಗೆ ಬಂದು, “ಯಾವ ಬಣ್ಣ ಅಂತ ತೀರ್ಮಾನ ಮಾಡಿದ್ರಾ?” ಎಂದು ಅವನನ್ನು ಕೇಳಿದರು.

“ಅಗೋ,” ಎಂದು ಅವನು ಬೆರಳು ನೇರ ನನ್ನ ಮುಖಕ್ಕೆ ತೋರಿಸಿದ, “ಆ ಅಣ್ಣನ ಬಾಯಲ್ಲಿ ಐತಲ್ಲ, ಅದೇ ಕೊಡಿ.”

ಡಾಕ್ಟರಮ್ಮ ನನ್ನ ಕಡೆ ನೋಡಿದರು. ನಾನು ಹೆಗಲ ಮೇಲೆ ಟವಲಿಗಾಗಿ ತಡಕಿದೆ. ತಂದಿರಲಿಲ್ಲ.